ಅಂಚು ಕತ್ತರಿಸದ ಏಳು ಪುಸ್ತಕ

ನಮ್ಮ ಮನೆಯಲ್ಲಿ ಊಟಕ್ಕೆ ಮುಂಚಿನ ಪ್ರಾರ್ಥನೆ ಅಂದರೆ ಅದೊಂದು ಓಟದ ಪಂದ್ಯ. ಅಪ್ಪ ಕ್ಯಾಥೋಲಿಕ್, ಮಾವ ಪ್ರೊಟೆಸ್ಟೆಂಟ್. ಇಬ್ಬರೂ ಕಣ್ಣು ಮುಚ್ಚಿ, ಕೈ ಜೋಡಿಸಿ, ಯೇಸುಸ್ವಾಮಿ ಕಲಿಸಿಕೊಟ್ಟ ಅದೇ ಪ್ರಾರ್ಥನೆಯನ್ನು ಒಟ್ಟಿಗೇ ಶುರುಮಾಡುತ್ತಾರೆ. ಕೇಡಿನಿಂದ ಕಾಪಾಡು ಎನ್ನುವಲ್ಲಿಗೆ ಬಂದಕೂಡಲೇ ಅಪ್ಪ ಆಮೆನ್ ಎಂದು ಚಮಚ ಎತ್ತುತ್ತಾನೆ. ಮಾವ ಅಲ್ಲಿಗೆ ನಿಲ್ಲಿಸುವುದಿಲ್ಲ. ಅವರ ಸಭೆಯಲ್ಲಿ, ಅಂದರೆ ಅವರ ಚರ್ಚಿನವರಲ್ಲಿ, ಅದಾದ ಮೇಲೆ ರಾಜ್ಯ, ಬಲ, ಮಹಿಮೆ ಎಲ್ಲವೂ ದೇವರದೇ ಎಂದು ಇನ್ನೊಂದು ವಾಕ್ಯ ಹೇಳುವ ರೂಢಿ. ಅದನ್ನು ಬೇಕಂತಲೇ ಎಳೆದೆಳೆದು ಹೇಳಿ ಅವರು ಕಣ್ಣು ಬಿಡುವಷ್ಟರಲ್ಲಿ ಅಪ್ಪನ ತಟ್ಟೆ ಕಾಲುಭಾಗ ಖಾಲಿ.

"ಮುಗಿಯೋ ಮುಂಚೆನೇ ಆಮೆನ್ ಅಂತೀರಲ್ಲ ಬೀಗ್ರೇ," ಎನ್ನುತ್ತಾರೆ ಮಾವ. "ದೇವರು ಇನ್ನೂ ಕೇಳಿಸ್ಕೊಳ್ತಾ ಇದ್ದ."

"ಸ್ವಾಮಿ ಕಲಿಸಿದ್ದು ಅಷ್ಟೇ. ಬಾಲ ಅಂಟಿಸಿದ್ದು ನೀವು. ನಿಮ್ಮ ಅಂಟು ಆರೋವರೆಗೂ ನಾನ್ಯಾಕೆ ಹಸ್ಕೊಂಡಿರ್ಲಿ?" ಎನ್ನುತ್ತಾನೆ ಅಪ್ಪ, ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡು.

ಅಪ್ಪನಿಗೆ ಏಕವಚನ, ಮಾವನಿಗೆ ಬಹುವಚನ ಎಂದು ನೀವು ಗಮನಿಸಿರಬಹುದು. ಸಿಟ್ಟು ಬಂದಾಗ ನಾನು ಆ ಭೇದ ಮಾಡುವುದಿಲ್ಲ.

ಇಬ್ಬರೂ ಪುಸ್ತಕಕ್ಕೆ ರಟ್ಟು ಕಟ್ಟುವವರು. ಮೊದಲು ಬೀದಿಯ ಆಚೆ ಒಂದು ಅಂಗಡಿ, ಈಚೆ ಒಂದು ಅಂಗಡಿ, ಎಣ್ಣೆ-ಸೀಗೆಕಾಯಿ ಸಂಬಂಧ. ಆಚೆ ಅಂಗಡಿಯವರ ಮಗನನ್ನು ನಾನು ಮದುವೆಯಾಗುತ್ತೇನೆ ಎಂದಾಗ ಎರಡೂ ಮನೆಯಲ್ಲಿ ಗುಡುಗು ಸಿಡಿಲು. ಯಾವ ಚರ್ಚಿನಲ್ಲಿ ಎಂದು ತೀರ್ಮಾನವಾಗದೆ ಕೊನೆಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದೆವು. ಅಪ್ಪ ಕಚೇರಿಯ ಗೇಟಿನ ಎಡಗಡೆ ನಿಂತಿದ್ದ, ಮಾವ ಬಲಗಡೆ ನಿಂತಿದ್ದರು. ಒಬ್ಬರೂ ಒಳಗೆ ಬರಲಿಲ್ಲ. ನನ್ನ ಮದುವೆಯ ಫೋಟೋದಲ್ಲಿ ಇಬ್ಬರು ಅಮ್ಮಂದಿರು ಇದ್ದಾರೆ, ಗುಮಾಸ್ತ ಇದ್ದಾನೆ, ಅವನ ಛತ್ರಿ ಕೂಡ ಇದೆ. ಅಪ್ಪಂದಿರು ಇಲ್ಲ. ಆ ಫೋಟೋ ನೋಡಿದಾಗಲೆಲ್ಲ ನನ್ನ ಹೊಟ್ಟೆ ಈಗಲೂ ಉರಿಯುತ್ತದೆ.

ಆಮೇಲೆ ಅಮ್ಮ ಹೋದಳು, ಮರುವರ್ಷ ಅತ್ತೆಯೂ ಹೋದರು. ಎರಡು ಅಂಗಡಿ ಒಂದಾದವು. ಸಭೆಗಳು ಒಂದಾಗುವುದು ಕಷ್ಟ. ಅಂಗಡಿಗಳಿಗೇನು, ಒಂದು ಕೈಗಾಡಿ ಸಾಕು. ಈಗ ಕೆಳಗೆ ಕೆಲಸದ ಕೋಣೆ, ಮೇಲೆ ಮನೆ. ಮಾವ ಕಿಟಕಿಯ ಹತ್ತಿರದ ಕತ್ತರಿ ಯಂತ್ರದಲ್ಲಿ ಹಾಳೆಗಳ ಅಂಚು ಕತ್ತರಿಸುತ್ತಾರೆ. ಅಪ್ಪ ಗೋಡೆಯ ಕಡೆಯ ಮೇಜಿನಲ್ಲಿ ರಟ್ಟು, ಬಟ್ಟೆ, ಚರ್ಮ ಹೊದಿಸಿ ಚಿನ್ನದ ಅಕ್ಷರ ಒತ್ತುತ್ತಾನೆ. ನಡುವೆ ಸ್ಟೂಲಿನ ಮೇಲೆ ಕೂತು ಹೊಲಿಯುವವಳು ನಾನು. ನನ್ನ ಗಂಡ ಬಸ್ಸು ಓಡಿಸುತ್ತಾನೆ. ಜಾಣ. ಈ ಕೋಣೆಯಿಂದ ತಪ್ಪಿಸಿಕೊಳ್ಳಲಿಕ್ಕೆಂದೇ ಆ ಕೆಲಸ ಹಿಡಿದ ಎಂದು ನನಗೆ ಗುಮಾನಿ.

"ನಿಮ್ಮವರಿಗೆ ಕತ್ತರಿಸೋದೊಂದೇ ಗೊತ್ತು," ಎಂದು ಅಪ್ಪ ಬೆಳಿಗ್ಗೆ ಒಂಬತ್ತಕ್ಕೇ ಶುರುಮಾಡುತ್ತಾನೆ. "ಒಂದು ಸಭೆ ಇತ್ತು. ಕತ್ತರಿಸಿ ಕತ್ತರಿಸಿ ಈಗ ಎಷ್ಟಾಗಿದೆ ಅಂತ ನಿಮಗೇ ಲೆಕ್ಕ ಇಲ್ಲ."

"ನಿಮ್ಮವರಿಗೆ ಹೊದಿಸೋದೊಂದೇ ಗೊತ್ತು," ಎಂದು ಮಾವ ಯಂತ್ರದ ಹಿಡಿಕೆ ಎಳೆಯುತ್ತಲೇ ಹೇಳುತ್ತಾರೆ. "ಮೇಲೆ ಚಿನ್ನ ಹಚ್ಚಿದ್ರೆ ಆಯ್ತು. ಒಳಗಡೆ ಸತ್ಯ ಇದ್ಯಾ ಅಂತ ಯಾರು ನೋಡ್ತಾರೆ?"

"ಒಟ್ಟಿಗಿದ್ರೆ ತಾನೇ ಸತ್ಯ ಕಾಪಾಡಕ್ಕಾಗೋದು?"

"ಸತ್ಯ ಇದ್ರೆ ತಾನೇ ಒಟ್ಟಿಗಿರಕ್ಕಾಗೋದು?"

ಇದು ಮಧ್ಯಾಹ್ನದ ಊಟದವರೆಗೆ. ಊಟಕ್ಕೆ ಮುಂಚೆ ಪ್ರಾರ್ಥನೆ. ಅದರ ಕಥೆ ಆಗಲೇ ಹೇಳಿದೆ.

ಇದೆಲ್ಲ ನನಗೆ ಅಭ್ಯಾಸವಾಗಿತ್ತು. ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಆದರೆ ಪುಟ್ಟಿ ಹುಟ್ಟಿದಳು. ಅಪ್ಪನ ಬಾಯಲ್ಲಿ ಜ್ಞಾನಸ್ನಾನ, ಮಾವನ ಬಾಯಲ್ಲಿ ದೀಕ್ಷಾಸ್ನಾನ. ನನ್ನ ಲೆಕ್ಕದಲ್ಲಿ ಮಗುವಿನ ತಲೆಗೆ ದೇವರ ಹೆಸರಿನಲ್ಲಿ ಮೂರು ಸಲ ನೀರು. ಅಪ್ಪನ ಚರ್ಚಿನ ಗುರುಗಳನ್ನೂ ಮಾವನ ಚರ್ಚಿನ ಪಾಸ್ಟರನ್ನೂ ಕೇಳಿದೆ. ಅಲ್ಲಿ ಕೊಟ್ಟರೂ ಇಲ್ಲಿ ನಡೆಯುತ್ತದೆ, ಎರಡನೇ ಸಲ ಕೊಡುವಂತಿಲ್ಲ ಎಂದು ಇಬ್ಬರೂ ಹೇಳಿದರು. ಅಂದರೆ ದೊಡ್ಡವರಿಗೆ ತಕರಾರಿಲ್ಲ. ತಕರಾರೆಲ್ಲ ನನ್ನ ಮನೆಯಲ್ಲೇ.

"ನಾನೇನೂ ಬೇಡ ಅನ್ನಲ್ಲಮ್ಮ. ಆ ಪ್ರತಿಮೆಗಳ ಮಧ್ಯೆ ನಾನು ಬರಲ್ಲ ಅಷ್ಟೇ," ಎಂದರು ಮಾವ.

"ನಾನೂ ಬೇಡ ಅನ್ನಲ್ಲ ಮಗಳೇ. ಆ ಬೋಳು ಗೋಡೆಗಳ ಮಧ್ಯೆ ನಾನು ಬರಲ್ಲ ಅಷ್ಟೇ," ಎಂದ ಅಪ್ಪ.

ಬರಲ್ಲ ಅಷ್ಟೇ! ಮತ್ತೆ ಗೇಟಿನ ಎಡಕ್ಕೊಬ್ಬ, ಬಲಕ್ಕೊಬ್ಬ. ಪುಟ್ಟಿಗೆ ಅಜ್ಜಿಯರಿಲ್ಲ. ಉಳಿದಿರುವುದು ಈ ಎರಡು ಹಳೇ ತಲೆಗಳು. ನನ್ನ ಮದುವೆಯಲ್ಲಿ ಆದದ್ದು ಅವಳ ವಿಷಯದಲ್ಲಿ ಆಗಕೂಡದು, ನೀರಿನ ಬಟ್ಟಲ ಪಕ್ಕ ಇಬ್ಬರೂ ನಿಂತಿರಲೇಬೇಕು ಎಂದು ನಾನು ಹಠ ಹಿಡಿದೆ. ಎಂಟು ತಿಂಗಳು ಕಾದೆ.

ಅಷ್ಟರಲ್ಲಿ ಎರಡೂ ಚರ್ಚಿನವರು ಸೇರಿ ಐಕ್ಯತೆಯ ಭಾನುವಾರ ಎಂದು ಒಂದನ್ನು ಮಾಡಲು ಹೊರಟರು. ಒಬ್ಬರ ಕಟ್ಟಡಕ್ಕೆ ಇನ್ನೊಬ್ಬರು ಹೋಗುವ ಪ್ರಶ್ನೆಯೇ ಬೇಡವೆಂದು ಎರಡರ ನಡುವಿನ ಶಾಲೆಯ ಹಾಲಿನಲ್ಲಿ ಪ್ರಾರ್ಥನೆ. ನಾನು ಗುರುಗಳ ಹತ್ತಿರವೂ ಪಾಸ್ಟರ ಹತ್ತಿರವೂ ಓಡಿದೆ. ಅವತ್ತೇ, ಅಲ್ಲೇ, ಇಬ್ಬರೂ ಸೇರಿ ನನ್ನ ಮಗಳಿಗೆ ನೀರು ಹಾಕಿ ಎಂದು ಕಾಲು ಹಿಡಿಯುವುದೊಂದು ಬಾಕಿ. ಒಪ್ಪಿದರು. ಪ್ರತಿಮೆಯೂ ಇಲ್ಲ, ಬೋಳು ಗೋಡೆಯೂ ಇಲ್ಲ. ಹಾಲಿನ ಗೋಡೆ ತುಂಬ ಮಕ್ಕಳ ಚಿತ್ರ. ಅಪ್ಪನಿಗೂ ಮಾವನಿಗೂ ನೆಪವೇ ಸಿಗಲಿಲ್ಲ. ಬರುತ್ತೇವೆ ಎಂದರು. ಅವತ್ತು ನಾನು ಹೊಲಿಯುತ್ತಾ ಹಾಡಿಕೊಂಡೆ.

ಆ ಹಾಡು ನಾಲ್ಕೇ ದಿನ. ಅವತ್ತು ಓದಲು ಒಂದು ಹೊಸ, ದೊಡ್ಡ ಬೈಬಲ್ ಬೇಕು, ಎರಡೂ ಕಡೆಯವರಿಗೆ ಸೇರಿ ಒಂದೇ ಎಂದು ತೀರ್ಮಾನವಾಗಿ ಕಟ್ಟುವ ಕೆಲಸ ನಮಗೇ ಬಂತು. ಎರಡೂ ಕಡೆಯವರು ಇರುವ ಅಂಗಡಿ ಇನ್ನೆಲ್ಲಿದೆ? ಆದರೆ ಒಂದು ವಿಷಯ ಉಂಟು. ಕ್ಯಾಥೋಲಿಕರ ಬೈಬಲಿನಲ್ಲಿ ಪ್ರೊಟೆಸ್ಟೆಂಟರದ್ದಕ್ಕಿಂತ ಏಳು ಪುಸ್ತಕ ಹೆಚ್ಚು. ಅವು ದೇವರ ಮಾತೇ ಎಂದು ಇವರು, ಓದಲಿಕ್ಕೆ ಒಳ್ಳೆಯವು ಆದರೆ ದೇವರ ಮಾತಲ್ಲ ಎಂದು ಅವರು, ನೂರಾರು ವರ್ಷಗಳಿಂದ ಜಗಳ. ಗುರುಗಳು ಅಪ್ಪನಿಗೆ ಆರ್ಡರ್ ಹೇಳಿದರು. ಏಳೂ ಇರುತ್ತವೆ ಎಂದುಕೊಂಡೇ ಹೇಳಿದರು. ಪಾಸ್ಟರು ಮಾವನಿಗೆ ಹೇಳಿದರು. ಏಳೂ ಇರುವುದಿಲ್ಲ ಎಂದುಕೊಂಡೇ ಹೇಳಿದರು. ಐಕ್ಯತೆಯ ಬಗ್ಗೆ ಮೂರು ಸಲ ಕೂತು ಚಹಾ ಕುಡಿದವರು ಈ ಒಂದು ಮಾತು ಮಾತ್ರ ಆಡಿಕೊಂಡಿರಲಿಲ್ಲ.

ಮುದ್ರಣದವರು ಎಲ್ಲ ಹಾಳೆಗಳನ್ನೂ ಕಳಿಸಿದರು. ಆ ಏಳನ್ನು ಬೇರೆ ಕಟ್ಟಿಟ್ಟು, ಹಳೆಯ ಒಡಂಬಡಿಕೆಗೂ ಹೊಸದಕ್ಕೂ ನಡುವೆ ಹಾಕಿ ಎಂದು ಚೀಟಿ ಅಂಟಿಸಿದ್ದರು. ನಮ್ಮಲ್ಲಿ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟದ ಒಂದು ಕಂತೆ. ಕಂತೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ಬೆನ್ನಿಗೆ ಹೊಲಿಯಬೇಕು. ಆಮೇಲೆ ಮಾವ ಅಂಚು ಕತ್ತರಿಸಿದಾಗ ಮಡಿಕೆ ಬಿಡಿಸಿಕೊಂಡು ಪುಟಗಳು ಬಿಡಿಬಿಡಿ ತೆರೆಯುತ್ತವೆ. ಸೋಮವಾರ ನಾನು ಚೀಟಿಯಲ್ಲಿದ್ದಂತೆ ಏಳನ್ನೂ ಸೇರಿಸಿ ಹೊಲಿದೆ.

ಮಂಗಳವಾರ ಬೆಳಿಗ್ಗೆ ನೋಡಿದರೆ ನಡುವೆ ದಾರ ಬಿಚ್ಚಿದೆ. ಏಳೂ ಪುಸ್ತಕ ಹೊರಗೆ ಕೂತಿವೆ.

"ಯಾರು ಬಿಚ್ಚಿದ್ದು?" ಎಂದೆ.

"ಬೈಬಲ್ ಕಟ್ಟಕ್ಕೆ ಹೇಳಿದ್ರು. ಬೈಬಲ್ ಮಾತ್ರ ಬಿಟ್ಟಿದ್ದೀನಿ," ಎಂದರು ಮಾವ, ನನ್ನ ಮುಖ ನೋಡದೆ.

ಅಪ್ಪ ಅವರ ಮುಂದೆಯೇ ಏಳನ್ನೂ ಎತ್ತಿ ನನ್ನ ಮಡಿಲಿಗೆ ಹಾಕಿ, "ಹೊಲಿ," ಎಂದ. ಹೊಲಿದೆ. ಬುಧವಾರ ಮತ್ತೆ ಬಿಚ್ಚಿತ್ತು. ಮತ್ತೆ ಹೊಲಿದೆ. ನನ್ನ ಬೆರಳಲ್ಲಿ ಸೂಜಿ ಚುಚ್ಚಿದ ಗುರುತು ಎಷ್ಟಾಯಿತೆಂದರೆ ಪುಟ್ಟಿ ಅದನ್ನು ಚೀಪುವುದನ್ನೇ ಬಿಟ್ಟಳು. ಗುರುವಾರ ಹೊಲಿಗೆಯೂ ಬಿಚ್ಚಿತ್ತು, ಏಳೂ ಪುಸ್ತಕ ಮಾಯವೂ ಆಗಿದ್ದವು. ಅಪ್ಪ ಅಂಗಡಿಯನ್ನೆಲ್ಲ ಬುಡಮೇಲು ಮಾಡಿದ. ಅಂಟಿನ ಪಾತ್ರೆಯೊಳಗೆ ಕೂಡ ಇಣುಕಿದ.

"ನೋಡಿ ಬೀಗ್ರೇ," ಎಂದ ಅಪ್ಪ. ಅವನ ಧ್ವನಿ ತಣ್ಣಗಿತ್ತು, ಅದೇ ನನಗೆ ಹೆದರಿಕೆ. "ಆ ಏಳು ಇಲ್ಲದಿದ್ರೆ ಭಾನುವಾರ ನಾನು ಬರಲ್ಲ."

"ಆ ಏಳು ಇದ್ರೆ ನಾನು ಬರಲ್ಲ," ಎಂದರು ಮಾವ.

ಆಮೇಲೆ ಇಬ್ಬರೂ ಕೆಲಸ ಕೈ ಬಿಟ್ಟರು. ಮಾವ ಯಂತ್ರಕ್ಕೆ ಬಟ್ಟೆ ಹೊದಿಸಿ ಕಿಟಕಿಯಾಚೆ ನೋಡುತ್ತಾ ಕೂತರು. ಅಪ್ಪ ಮಾಡಿಟ್ಟ ಚರ್ಮದ ಹೊದಿಕೆಯನ್ನು ಕಪಾಟಿನಲ್ಲಿಟ್ಟು ಗೋಡೆ ನೋಡುತ್ತಾ ಕೂತ. ಎರಡು ದಿನ ವಾದವಿಲ್ಲ, ಕೆಣಕುವುದಿಲ್ಲ. ಊಟಕ್ಕೆ ಬೇರೆ ಬೇರೆ ಹೊತ್ತಿಗೆ ಬಂದರು; ಪ್ರಾರ್ಥನೆಯೂ ಬೇರೆ ಬೇರೆ. ಅಷ್ಟು ವರ್ಷ ಅವರ ಗಲಾಟೆಗೆ ತಲೆ ಚಿಟ್ಟು ಹಿಡಿಯುತ್ತದೆ ಎಂದು ಬೈದವಳು ನಾನು. ಆ ಎರಡು ದಿನದ ಮೌನಕ್ಕೆ ನನಗೆ ಅಳು ಬಂತು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಗಂಡನನ್ನು ಕೇಳಿದೆ, ನೀನೇನು ಹೇಳುತ್ತೀ ಎಂದು. "ಇಬ್ಬರ ಮಾತಲ್ಲೂ ಅರ್ಥ ಇದೆ," ಎಂದ. ಯಾವಾಗಲೂ ಹೀಗೆಯೇ, ಅಡ್ಡಗೋಡೆಯ ಮೇಲೆ ದೀಪ ಇಡುವುದು.

ಶುಕ್ರವಾರ ಸಂಜೆ ನಾನು ಇಬ್ಬರನ್ನೂ ಕರೆದು ನಿಲ್ಲಿಸಿದೆ. "ಇನ್ನು ಆ ಪುಸ್ತಕ ಇಬ್ಬರೂ ಮುಟ್ಟಂಗಿಲ್ಲ. ನಾನೇ ಕತ್ತರಿಸ್ತೀನಿ, ನಾನೇ ಹೊಲೀತೀನಿ, ನಾನೇ ಕಟ್ತೀನಿ. ಒಳಗೆ ಏನಿದೆ ಅಂತ ಭಾನುವಾರ ಅಲ್ಲಿ ತೆಗೆದಾಗಲೇ ಗೊತ್ತಾಗೋದು. ಬರೋರು ಬನ್ನಿ. ಬರದೇ ಇರೋರನ್ನ ನನ್ನ ಮಗಳು ದೊಡ್ಡವಳಾದ ಮೇಲೆ ಯಾಕೆ ಬರಲಿಲ್ಲ ಅಂತ ತಾನೇ ಕೇಳ್ತಾಳೆ."

ಇಬ್ಬರೂ ಬಾಯಿ ತೆರೆದರು. ನನ್ನ ಕೈಯಲ್ಲಿ ಕತ್ತರಿ ಇತ್ತು. ಇಬ್ಬರೂ ಮುಚ್ಚಿಕೊಂಡರು.

ಶನಿವಾರ ಗಂಡನಿಗೆ ರಜೆ. ಮುದುಕರಿಬ್ಬರನ್ನೂ ಮೇಲೆ ಕಳಿಸಿ ಅಂಗಡಿ ಬಾಗಿಲು ಹಾಕಿದೆವು. ಏಳು ಪುಸ್ತಕ ಸಿಕ್ಕಿರಲಿಲ್ಲವಲ್ಲ, ಉಳಿದ ಕಂತೆಗಳನ್ನಾದರೂ ಮುಗಿಸೋಣ ಎಂದು ಮಿಕ್ಕ ದಾರವನ್ನೂ ಬಿಚ್ಚಿ, ಮತ್ತೆ ಹೊಲಿಯುವ ಮೊದಲೇ ಒಂದಷ್ಟೊಂದಷ್ಟು ತೆಗೆದು ಅಂಚು ಕತ್ತರಿಸಿಬಿಟ್ಟೆವು. ಗಂಡ ಹಿಡಿಕೆ ಎಳೆದ. ಬಸ್ಸಿನ ಬ್ರೇಕ್ ಒತ್ತಿದಂತೆ ಮುಖ ಮಾಡಿಕೊಂಡಿದ್ದ. ಅಷ್ಟರಲ್ಲಿ ಮೂಲೆಯ ತೊಟ್ಟಿಲಲ್ಲಿ ಪುಟ್ಟಿ ಒದ್ದೆ ಮಾಡಿಕೊಂಡು ಕಿರುಚಿದಳು. ಹಾಸಿಗೆ ಬದಲಾಯಿಸೋಣವೆಂದು ಎತ್ತಿದರೆ ಕೆಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಮೇಣಬಟ್ಟೆಯಲ್ಲಿ ನೀಟಾಗಿ ಸುತ್ತಿದ ಏಳು ಪುಸ್ತಕ! ಮೂಲೆ ಮಡಿಚಿಹೋಗದಂತೆ ಸುತ್ತಲೂ ರಟ್ಟು ಬೇರೆ ಇಟ್ಟಿದ್ದರು ಮಾವ. ದೇವರ ಮಾತಲ್ಲ ಎಂದರೂ ಒಂದು ಹಾಳೆ ಸುಕ್ಕಾಗಲು ಬಿಟ್ಟಿರಲಿಲ್ಲ. ಮೂರು ದಿನ ನನ್ನ ಮಗಳು ಜಗಳದ ಮೇಲೆಯೇ ಮಲಗಿ ಸೊಗಸಾಗಿ ನಿದ್ದೆ ಹೊಡೆದಿದ್ದಳು.

ಅವನ್ನೂ ಕತ್ತರಿಸೋಣವೆಂದು ಯಂತ್ರದಲ್ಲಿಟ್ಟೆ. ಗಂಡ ಹಿಡಿಕೆಗೆ ಕೈ ಹಾಕಿದ. "ತಡಿ," ಎಂದೆ.

ಕತ್ತರಿಸದಿದ್ದರೆ? ಮಡಿಕೆ ಹಾಗೇ ಉಳಿಯುತ್ತದೆ. ಪುಸ್ತಕದಲ್ಲಿ ಏಳೂ ಇರುತ್ತವೆ, ಅಪ್ಪ ಇಲ್ಲ ಎನ್ನುವಂತಿಲ್ಲ. ಆದರೆ ಪುಟ ತೆರೆಯುವುದಿಲ್ಲ, ಮಾವ ಓದಬೇಕಾಗಿಲ್ಲ. ಬೇಕಾದವರು ಬಿಡಿಸಿಕೊಳ್ಳಲಿ, ಬೇಡದವರು ದಾಟಿಕೊಂಡು ಹೋಗಲಿ. ಆಹಾ, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಹಾಗೆಯೇ ಸೇರಿಸಿ ಹೊಲಿದು, ಅಪ್ಪನ ಚರ್ಮದ ಹೊದಿಕೆಯೊಳಗೆ ಕೂರಿಸಿ, ಬಿಳಿ ಬಟ್ಟೆ ಸುತ್ತಿ ಗಂಡನ ಕೈಯಲ್ಲಿ ಹಾಲಿಗೆ ಕಳಿಸಿಬಿಟ್ಟೆ.

ಭಾನುವಾರ ಬೆಳಿಗ್ಗೆ ಮಾವ ಯಾರಿಗೂ ಕಾಣದಂತೆ ತೊಟ್ಟಿಲ ಹಾಸಿಗೆ ಎತ್ತಿ ನೋಡಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಕೆಳಗೆ ಬರೀ ಹಲಗೆ. ಸೇರಿಸಿಬಿಟ್ಟಳೋ ಏನೋ, ಹೋಗಿ ನೋಡಲೇಬೇಕು ಎಂದು ಗೊಣಗಿಕೊಂಡರು. ತಕ್ಷಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೂಟು ಒರೆಸತೊಡಗಿದರು. ಅದನ್ನು ಅಪ್ಪ ನೋಡಿದ.

"ಅವರು ಹೊರಟ್ರಾ? ಹಾಗಾದ್ರೆ ಏಳೂ ಇಲ್ಲ ಅಂತಲೇ ಅರ್ಥ. ಇರು, ನಾನೂ ಬಂದು ನನ್ನ ಕಣ್ಣಾರೆ ನೋಡ್ತೀನಿ," ಎಂದು ಅವನೂ ಅಂಗಿ ಹುಡುಕಿದ.

ಇಬ್ಬರೂ ಬೀದಿಯ ಆಚೆ ಈಚೆ ನಡೆದರು. ಪರವಾಗಿಲ್ಲ, ಕಾಲುಗಳು ಒಂದೇ ಕಡೆಗೆ ಹೋಗುತ್ತಿದ್ದವು.

ಹಾಲಿನಲ್ಲಿ ಎಡಗಡೆ ಕ್ಯಾಥೋಲಿಕರು, ಬಲಗಡೆ ಪ್ರೊಟೆಸ್ಟೆಂಟರು. ನಡುವೆ ಒಂದು ಲಾರಿ ಹೋಗುವಷ್ಟು ಜಾಗ. ಮುಂದೆ ಮೇಜಿನ ಮೇಲೆ ನೀರಿನ ಬಟ್ಟಲು, ಪಕ್ಕದ ಪೀಠದ ಮೇಲೆ ಬೈಬಲ್. ಪ್ರಾರ್ಥನೆ ಶುರುವಾಗಲು ಇನ್ನೂ ಹತ್ತು ನಿಮಿಷವಿದ್ದರೂ ಇಬ್ಬರೂ ನೇರವಾಗಿ ಪೀಠಕ್ಕೇ ನಡೆದರು. ನಾನು ಪುಟ್ಟಿಯನ್ನು ಎತ್ತಿಕೊಂಡು ಹಿಂದೆಯೇ ಓಡಿದೆ.

ಮಾವ ಬಟ್ಟೆ ಸರಿಸಿ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ನಡುವೆ ಬೆರಳು ತಡೆಯಿತು. ಕತ್ತರಿಸದ ಏಳು ಪುಸ್ತಕದ ಕಂತೆಗಳು ಉಳಿದವುಗಳಿಗಿಂತ ಒಂದು ಕಾಳಿನಷ್ಟು ಹೊರಗೆ ಚಾಚಿದ್ದವು.

"ಇದೆ!" ಎಂದು ಅಪ್ಪ ಹಿಗ್ಗಿದ. ಮರುಕ್ಷಣ ಬಗ್ಗಿ ನೋಡಿದ. ಮುಖ ಇಳಿಯಿತು. "ಇದೇನಿದು ಅಂಚು?"

"ಕತ್ತರಿಸಿಲ್ಲ," ಎಂದರು ಮಾವ.

"ಮಡಿಕೆನೂ ಬಿಡಿಸಿಲ್ಲ!"

"ಥೂ ಥೂ. ಇಷ್ಟು ಜನರ ಮುಂದೆ!"

"ನನ್ನ ಹೊದಿಕೆಯೊಳಗೆ ಇಂಥಾ ಹಾಳೆ! ಮಾನ ಹೋಯ್ತು ಬೀಗ್ರೇ."

"ಇಬ್ಬರ ಮಾನಾನೂ ಹೋಯ್ತು."

ಮೂರು ದಿನದ ನಂತರ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತುಗಳು ಇವು. ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

"ಅದು ಬೇಕಂತಲೇ ಬಿಟ್ಟಿದ್ದು," ಎಂದೆ ನಾನು. "ಬೇಕಾದವರು ಬಿಡಿಸ್ಕೊಂಡು ಓದ್ಲಿ, ಬೇಡದವರು ಹಾಗೇ..."

"ಬೇಕು ಬೇಡ ಆಮೇಲಮ್ಮಾ," ಎಂದರು ಮಾವ. ಅವರು ನನ್ನ ಮೇಲೆ ರೇಗಿದ್ದು ಅದೇ ಮೊದಲು. "ಪುಸ್ತಕ ಅಂದ್ಮೇಲೆ ತೆರೀಬೇಕು. ತೆರೆದು ನೋಡಿ ಸುಳ್ಳು ಅಂತೀನಿ, ಅದು ಬೇರೆ ಮಾತು. ತೆರೀದಂಗೆ ಮಾಡಿ ಕೊಡೋದಾ? ನಮ್ಮ ಅಂಗಡಿಯಿಂದ ಇವತ್ತಿನವರೆಗೂ ಅಂಥದ್ದು ಹೋಗಿಲ್ಲ."

"ಸರಿಯಾಗಿ ಹೇಳಿದ್ರಿ," ಎಂದ ಅಪ್ಪ.

ರಟ್ಟು ಕಟ್ಟುವವರ ಜೇಬಿನಲ್ಲಿ ಮೂಳೆಯ ಚಪ್ಪಟೆ ಪಟ್ಟಿ ಒಂದು ಯಾವಾಗಲೂ ಇರುತ್ತದೆ, ಹಾಳೆ ಮಡಿಸಲಿಕ್ಕೆ, ಸೀಳಲಿಕ್ಕೆ. ಭಾನುವಾರದ ಅಂಗಿಯಲ್ಲೂ ಇರುತ್ತದೆ. ಮಾವ ಅದನ್ನು ತೆಗೆದು, ದೇವರ ಮಾತಲ್ಲವೆಂದು ತಾವೇ ಮೂರು ಸಲ ಬಿಚ್ಚಿದ್ದ ಆ ಏಳು ಪುಸ್ತಕದ ಮಡಿಕೆಗಳನ್ನು ಒಂದೊಂದಾಗಿ ಸೀಳಿ ತೆರೆಯತೊಡಗಿದರು. ಅಪ್ಪ ಎದುರು ನಿಂತು ಹಾಳೆ ಹಿಡಿದುಕೊಟ್ಟ, ಕಾಗದದ ಧೂಳು ಊದಿದ. ಗುರುಗಳೂ ಪಾಸ್ಟರೂ ಬಂದು ನೋಡಿದರು. ಇದು ಪ್ರೊಟೆಸ್ಟೆಂಟರ ಒಪ್ಪಿಗೆ ಎಂದು ಗುರುಗಳು ತಿಳಿದರು. ಇದು ಕ್ಯಾಥೋಲಿಕರ ಪದ್ಧತಿ ಎಂದು ಪಾಸ್ಟರು ತಿಳಿದರು. ಇಬ್ಬರೂ ಮರ್ಯಾದೆಗೆ ಸುಮ್ಮನಿದ್ದರು.

ನಡುವೆ ಮಾವನ ಕೈ ನಿಂತಿತು. "ಇಲ್ಲೊಂದು ನಾಯಿ ಇದೆಯಲ್ರೀ!"

"ಹೂಂ. ಹುಡುಗ ದೂರದ ಊರಿಗೆ ಹೊರಡ್ತಾನೆ. ನಾಯಿನೂ ಹಿಂದೆ ಹೋಗುತ್ತೆ."

"ಪಾಪ. ವಾಪಸ್ ಬರುತ್ತಾ?"

"ನೀವೇ ಓದಿ ನೋಡಿ."

"ಓದಲ್ಲ. ಕತ್ತರಿಸ್ತೀನಿ ಅಷ್ಟೇ," ಎಂದರು ಮಾವ. ಆದರೆ ಆ ಪುಟದ ಮೇಲೆ ಕಣ್ಣು ಸ್ವಲ್ಪ ಹೆಚ್ಚೇ ಹೊತ್ತು ಇತ್ತು.

ಕೊನೆಯ ಮಡಿಕೆ ಬಿಡಿಸಿದಾಗ ಪ್ರಾರ್ಥನೆಗೆ ಕಾಲು ಗಂಟೆ ತಡವಾಗಿತ್ತು. ಪೀಠದಿಂದ ನೀರಿನ ಬಟ್ಟಲಿಗೆ ಎರಡೇ ಹೆಜ್ಜೆ. ಬರುತ್ತೇನೆ, ಬರಲ್ಲ ಎಂದು ಹೇಳಲು ಇಬ್ಬರಿಗೂ ಸಮಯವೇ ಸಿಗಲಿಲ್ಲ. ನಿಂತೇ ಇದ್ದರು, ನನ್ನ ಎಡಕ್ಕೆ ಅಪ್ಪ, ಬಲಕ್ಕೆ ಮಾವ. ಪಾಸ್ಟರು ಮೂರು ಸಲ ನೀರು ಹಾಕಿದರು, ಗುರುಗಳು ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿದರು. ಪುಟ್ಟಿ ಇಬ್ಬರ ಮೇಲೂ ಸಮನಾಗಿ ಕಿರುಚಿದಳು. ಗಂಡ ಫೋಟೋ ತೆಗೆದ. ಒಂದಲ್ಲ, ಹನ್ನೊಂದು ತೆಗೆಸಿದೆ.

ಆಮೇಲೆ ಎಲ್ಲರೂ ಸೇರಿ ಸ್ವಾಮಿ ಕಲಿಸಿದ ಪ್ರಾರ್ಥನೆ. ಹಾಲ್ ತುಂಬ ಒಂದೇ ಧ್ವನಿ. ಕೇಡಿನಿಂದ ಕಾಪಾಡು ಎನ್ನುವಲ್ಲಿಗೆ ಬಂತು. ಎಡಗಡೆಯವರು ಆಮೆನ್ ಎಂದು ನಿಲ್ಲಿಸಿದರು, ಬಲಗಡೆಯವರು ಮುಂದುವರಿದರು; ಅದು ಗೊತ್ತಿದ್ದದ್ದೇ. ಆದರೆ ನನ್ನ ಬಲಗಿವಿಯ ಪಕ್ಕದಲ್ಲೇ ಮಾವ "ಆಮೆನ್" ಎಂದು ನಿಲ್ಲಿಸಿಬಿಟ್ಟರು. ಎಡಗಿವಿಯ ಪಕ್ಕದಲ್ಲಿ ಅಪ್ಪ ನಿಲ್ಲಿಸಲೇ ಇಲ್ಲ. ರಾಜ್ಯ, ಬಲ, ಮಹಿಮೆ ಎಲ್ಲವನ್ನೂ ಒಂದಕ್ಷರ ತಪ್ಪದೆ, ಎಳೆದೆಳೆದು, ಕೊನೆಯವರೆಗೂ ಹೇಳಿದ. ಇಷ್ಟು ವರ್ಷ ಊಟದ ಮೇಜಿನಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಪುಟ್ಟಿಯ ಒದ್ದೆ ತಲೆಯ ಮೇಲಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಗಳಗಳನೆ ಅತ್ತೆ. ಯಾರು ನೋಡಿದರೇನು, ಅತ್ತೆ.

ಇನ್ನು ಮನೆಯಲ್ಲಿ ಶಾಂತಿ ಎಂದುಕೊಂಡೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮಾವ ಯಂತ್ರದ ಬಟ್ಟೆ ತೆಗೆದರು, ಅಪ್ಪ ಅಂಟು ಬಿಸಿಗಿಟ್ಟ. ನಾನು ಸ್ಟೂಲಿನ ಮೇಲೆ ಕೂತು ಸೂಜಿಗೆ ದಾರ ಪೋಣಿಸಿದೆ.

"ಅಲ್ಲ ಬೀಗ್ರೇ," ಎಂದ ಅಪ್ಪ. "ನಿನ್ನೆ ನೀವು ಅರ್ಧಕ್ಕೇ ನಿಲ್ಲಿಸಿಬಿಟ್ರಲ್ಲ. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ವಾಕ್ಯ. ಹಾಗೆ ಯಾರಿಗೋಸ್ಕರನೋ ಬಿಟ್ಟುಕೊಡೋದಾ? ನಿಮಗೆ ನಿಮ್ಮ ಸತ್ಯ ಅನ್ನೋದು ಬೇಡ್ವಾ?"

"ನೀವು ನನಗೆ ಹೇಳ್ತೀರಾ?" ಎಂದು ಮಾವ ಹಿಡಿಕೆ ಬಿಟ್ಟು ಎದ್ದೇ ನಿಂತರು. "ಸ್ವಾಮಿ ಕಲಿಸಿದ್ದು ಅಷ್ಟೇ ಅಂತ ಬಡ್ಕೋತಿದ್ದೋರು ನೀವು. ನಿಮ್ಮ ಸಭೆಯವರೆಲ್ಲ ಸುಮ್ಮನಿದ್ದಾಗ ನೀವೊಬ್ರೇ ಬಾಲ ಹಿಡ್ಕೊಂಡು ಹೋದ್ರಲ್ಲ, ನಾಚಿಕೆ ಆಗಲ್ವಾ? ನಿಮ್ಮವರನ್ನ ನೀವೇ ಬಿಟ್ಟುಕೊಟ್ರೆ ನಾನು ಇನ್ಯಾರ ಜೊತೆ ಜಗಳ ಆಡ್ಲಿ?"

ಮಧ್ಯಾಹ್ನದವರೆಗೂ ನಡೆಯಿತು. ಊಟಕ್ಕೆ ಕರೆದೆ. ಇಬ್ಬರೂ ಬಂದು ಒಟ್ಟಿಗೇ ಕೂತರು, ಕಣ್ಣು ಮುಚ್ಚಿ ಒಟ್ಟಿಗೇ ಶುರುಮಾಡಿದರು. ಅಪ್ಪ ತನ್ನ ಜಾಗದಲ್ಲಿ ಆಮೆನ್ ಎಂದ, ಮಾವ ತಮ್ಮ ಬಾಲ ಪೂರ್ತಿ ಹೇಳಿದರು. ಅಲ್ಲಿಯವರೆಗೆ ಅಪ್ಪ ಚಮಚ ಮುಟ್ಟಲಿಲ್ಲ.